ಆಶ್ರಯ ಪಡೆದವರು ನೇಯ್ದ ಬಟ್ಟೆ



ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಹೊಲಕ್ಕೆ ಹೋಗುವ ರೈತನನ್ನು ನೀವು ನೋಡಿರಬಹುದು. ಉಣ್ಣೆಯ ಇದೇ ಗುಣ ಒಂದು ಕಾಲದಲ್ಲಿ ಒಂದು ಸಾಮ್ರಾಜ್ಯದ ಸೈನಿಕರನ್ನು ಮಳೆ, ಚಳಿಯಿಂದ ಕಾಪಾಡಿತ್ತು. ಉಸ್ಮಾನಿ ಸುಲ್ತಾನರ ಜಾನಿಸ್ಸರಿ ಪಡೆಯವರ ಕೋಟುಗಳಿಗೆ ಬಳಸುತ್ತಿದ್ದ ಆ ದಪ್ಪ ಉಣ್ಣೆ ಬಟ್ಟೆಗೆ ತುರ್ಕಿಯಲ್ಲಿ 'ಚುಹಾ' ಎನ್ನುತ್ತಾರೆ. ಅದು ಮುಖ್ಯವಾಗಿ ತಯಾರಾಗುತ್ತಿದ್ದುದು ಇಂದಿನ ಗ್ರೀಸ್‌ನಲ್ಲಿರುವ ಸಲೋನಿಕಾ ನಗರದಲ್ಲಿ.

ಅದನ್ನು ನೇಯ್ದವರು ಯಾರು ಗೊತ್ತೇ? 1492ರಲ್ಲಿ ಗ್ರಾನಡಾ ಪತನವಾದ ಬಳಿಕ ಸ್ಪೇನಿನ ಅರಸರು ಯಹೂದಿಗಳನ್ನು ದೇಶದಿಂದ ಹೊರದಬ್ಬಿದರು. ಸುಲ್ತಾನ್ ಎರಡನೇ ಬಾಯಜೀದ್ ಅವರಿಗೆ ತನ್ನ ರಾಜ್ಯದಲ್ಲಿ ಆಶ್ರಯ ನೀಡಿದರು. ಆಸ್ತಿ ಕಳೆದುಕೊಂಡು ಬಂದ ಆ ಜನರ ಬಳಿ ಉಳಿದಿದ್ದುದು ಕೈಕಸುಬು. ನೇಯ್ದ ಬಟ್ಟೆಯನ್ನು ನೆನೆಸಿ, ನೀರಿನ ಬಲದಿಂದ ಚಲಿಸುವ ಮರದ ಕೊಡತಿಗಳಿಂದ ಬಡಿಯುವ ವಿದ್ಯೆ ಅವರಿಗೆ ತಿಳಿದಿತ್ತು. ಬಡಿದಂತೆಲ್ಲ ಉಣ್ಣೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು, ಬಟ್ಟೆ ಕುಗ್ಗಿ ದಪ್ಪವಾಗುತ್ತದೆ. ಮಳೆಹನಿ ಸುಲಭವಾಗಿ ಒಳಗಿಳಿಯುವುದಿಲ್ಲ.

ಸರಕಾರ ಅವರ ತೆರಿಗೆಯನ್ನು ಬಟ್ಟೆಯ ರೂಪದಲ್ಲಿಯೇ ಸ್ವೀಕರಿಸಿತು. ಸುತ್ತಲಿನ ಕುರಿಗಳ ಉಣ್ಣೆಯನ್ನು ಮೊದಲು ಕೊಳ್ಳುವ ಹಕ್ಕನ್ನೂ ನೀಡಿತು. ಅವರ ಮುಖಂಡ ಮೋಶೆ ಅಲ್ಮೊಸ್ನಿನೊ ಇಸ್ತಾಂಬುಲಿಗೆ ಹೋಗಿ, 1568ರಲ್ಲಿ ಸುಲ್ತಾನ್ ಎರಡನೇ ಸಲೀಮ್‌ರಿಂದ ಸಮುದಾಯದ ಹಕ್ಕುಗಳ ಫರ್ಮಾನು ಪಡೆದರು.

ಆದರೆ ಕಥೆ ಇಲ್ಲಿಗೇ ಮುಗಿಯಲಿಲ್ಲ. ಯುರೋಪಿನ ವ್ಯಾಪಾರಿಗಳು ಉಣ್ಣೆ ಕೊಳ್ಳತೊಡಗಿದಾಗ ಅದರ ಬೆಲೆ ಏರಿತು. ಇಂಗ್ಲೆಂಡಿನ ಬಟ್ಟೆಯೂ ಮಾರುಕಟ್ಟೆಗೆ ಬಂತು. ನೇಕಾರರ ಹೊರೆ ಮಾತ್ರ ಇಳಿಯಲಿಲ್ಲ. ಬಟ್ಟೆಯ ಗುಣಮಟ್ಟ ಕುಸಿಯಿತು. 1630ರ ದಶಕದಲ್ಲಿ, ನಾಲ್ಕನೇ ಮುರಾದ್‌ನ ಆಳ್ವಿಕೆಯಲ್ಲಿ, ಬಟ್ಟೆ ಒಪ್ಪಿಸಲು ಹೋದ ರಬ್ಬಿ ಯೆಹೂದಾ ಕೋವೋ ಅವರಿಗೆ ಇದೇ ಕಾರಣಕ್ಕೆ ಮರಣದಂಡನೆಯಾಯಿತು. ಈ ಹೊರೆ ತಾಳಲಾರದೆ ಅನೇಕ ಕುಟುಂಬಗಳು ಇಜ್ಮಿರ್‌ನಂಥ ಊರುಗಳಿಗೆ ವಲಸೆ ಹೋದವು. 1826ರಲ್ಲಿ ಜಾನಿಸ್ಸರಿ ಪಡೆಯೇ ರದ್ದಾಯಿತು.

ನಮ್ಮ ಪೂರ್ವಿಕರ ಔದಾರ್ಯವನ್ನು ನಾವು ವೇದಿಕೆಗಳಲ್ಲಿ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅದು ಸರಿಯೇ. ಆದರೆ ಆಶ್ರಯ ಕೊಟ್ಟ ಕೈಯೇ ಮುಂದೆ ಹೊರೆ ಹೇರಿದ್ದನ್ನೂ ಓದಬೇಕು. ಮನೆ ಕಳೆದುಕೊಂಡವನ ಕೈಯಲ್ಲಿಯೂ ವಿದ್ಯೆ ಉಳಿಯುತ್ತದೆ. ಆ ವಿದ್ಯೆ ಬೆಳೆಯಬೇಕಾದರೆ ನ್ಯಾಯ ಬೇಕು. ಇವೆರಡನ್ನೂ ನೆನಪಿಟ್ಟುಕೊಂಡರೆ ನಾವು ಚರಿತ್ರೆ ಓದಿದ್ದು ಸಾರ್ಥಕ.