ವಿಮಾನದ ಊಟಕ್ಕೆ ಬೆಲೆ ಬಂದ ಬಗೆ

ಪ್ರಯಾಣಕ್ಕೆ ಹೊರಟವರು ಬುತ್ತಿ ಕಟ್ಟಿಕೊಳ್ಳುವುದು ನಮ್ಮಲ್ಲಿ ಹಿಂದಿನಿಂದಲೂ ಬಂದ ರೂಢಿ. ಗಾಡಿ ಕಟ್ಟಿ ಜಾತ್ರೆಗೆ ಹೋಗುವವರಾಗಲಿ, ರೈಲಿನಲ್ಲಿ ಕಾಶಿಗೆ ಹೊರಟವರಾಗಲಿ, ಚಪಾತಿ, ಚಟ್ನಿಪುಡಿ, ಮೊಸರನ್ನ, ಒಂದು ತಂಬಿಗೆ ನೀರು ಜೊತೆಗಿಟ್ಟುಕೊಂಡೇ ಹೊರಡುತ್ತಿದ್ದರು. ವಿಮಾನ ಮಾತ್ರ ಈ ರೂಢಿಗೆ ಹೊರತಾಗಿತ್ತು. ಟಿಕೆಟ್ ಕೊಂಡವರಿಗೆ ಊಟವನ್ನು ವಿಮಾನದವರೇ ಕೊಡುತ್ತಾರೆ, ಅದಕ್ಕೆ ಬೇರೆ ಹಣ ಕೇಳುವುದಿಲ್ಲ ಎಂಬುದು ಬಹುಕಾಲ ಎಲ್ಲರ ತಿಳಿವಳಿಕೆಯಾಗಿತ್ತು. ಆದ್ದರಿಂದಲೇ ಒಂದು ಗಂಟೆಯ ಹಾರಾಟದಲ್ಲಿ ಒಂದು ಲೋಟ ಕಾಫಿಗೂ ದುಡ್ಡು ಕೇಳಿದಾಗ, ಮನೆಗೆ ಊಟಕ್ಕೆ ಕರೆದು ಕೈಯಲ್ಲಿ ಬಿಲ್ಲು ಇಟ್ಟಂತೆ ಹಲವರಿಗೆ ಅನ್ನಿಸುತ್ತದೆ. ಈ ಅಸಮಾಧಾನ ಎಷ್ಟರಮಟ್ಟಿಗೆ ನ್ಯಾಯವಾದದ್ದು? ಇದಕ್ಕೆ ಉತ್ತರ ಬೇಕಾದರೆ ನೂರು ವರ್ಷಗಳಷ್ಟು ಹಿಂದಕ್ಕೆ ಹೋಗಿ ನೋಡಬೇಕು.

ವಿಮಾನದಲ್ಲಿ ಪ್ರಯಾಣಿಕರಿಗೆ ದೊರೆತ ಮೊದಲ ಊಟ ಪುಕ್ಕಟೆಯದಾಗಿರಲಿಲ್ಲ! 1919ರ ಅಕ್ಟೋಬರ್‌ನಲ್ಲಿ ಹ್ಯಾಂಡ್ಲಿ ಪೇಜ್ ಟ್ರಾನ್ಸ್‌ಪೋರ್ಟ್ ಎಂಬ ಬ್ರಿಟಿಷ್ ಸಂಸ್ಥೆ ಲಂಡನ್-ಪ್ಯಾರಿಸ್ ಮಾರ್ಗದಲ್ಲಿ ತಣ್ಣನೆಯ ತಿನಿಸಿನ ಪೊಟ್ಟಣಗಳನ್ನು ಕೊಡಲಾರಂಭಿಸಿತು. ಪೊಟ್ಟಣವೊಂದಕ್ಕೆ 3 ಷಿಲಿಂಗ್ ಬೆಲೆ. ಅಂದರೆ, ಸಣ್ಣ ಹಾರಾಟದಲ್ಲಿ ತಿಂಡಿಯನ್ನು ಮಾರುವ ಪದ್ಧತಿ ವಿಮಾನಯಾನದಷ್ಟೇ ಹಳೆಯದು.

ಮುಂದೆ ಕಾಲ ಬದಲಾಯಿತು. ಆಗ ವಿಮಾನ ಏರುತ್ತಿದ್ದವರು ಸಿರಿವಂತರು. ಹಡಗು ಮತ್ತು ರೈಲಿನ ಮೊದಲ ದರ್ಜೆಯ ಉಪಚಾರಕ್ಕೆ ಒಗ್ಗಿದ್ದವರು. ಅವರನ್ನು ಸೆಳೆಯಲು ಇಂಪೀರಿಯಲ್ ಏರ್‌ವೇಸ್ 1927ರಲ್ಲಿ ಲಂಡನ್-ಪ್ಯಾರಿಸ್ ನಡುವೆ 'ಸಿಲ್ವರ್ ವಿಂಗ್' ಎಂಬ ಸೇವೆಯನ್ನು ಆರಂಭಿಸಿ, ಊಟ ಬಡಿಸಲು ಪರಿಚಾರಕನನ್ನು ನೇಮಿಸಿತು. ಅಮೆರಿಕದಲ್ಲಿ 1930ರಲ್ಲಿ ಎಲೆನ್ ಚರ್ಚ್ ಎಂಬ ನರ್ಸ್ ಮೊದಲ ಗಗನಸಖಿಯಾದರು. 1936ರಲ್ಲಿ ಯುನೈಟೆಡ್ ಏರ್‌ಲೈನ್ಸ್ ವಿಮಾನದ ಊಟಕ್ಕೆಂದೇ ನೆಲದ ಮೇಲೆ ಅಡುಗೆಮನೆ ತೆರೆಯಿತು. ಊಟ ಹೀಗೆ ಟಿಕೆಟ್ಟಿನ ಒಂದು ಭಾಗವಾಯಿತು.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಎರಡನೆಯ ಮಹಾಯುದ್ಧದ ನಂತರ ವಿಮಾನದ ದರಗಳು ಸಂಸ್ಥೆಗಳ ಸ್ವಂತ ಇಚ್ಛೆಗೆ ಬಿಟ್ಟ ವಿಷಯವಾಗಿರಲಿಲ್ಲ. ಅಂತಾರಾಷ್ಟ್ರೀಯ ಮಾರ್ಗಗಳ ದರಗಳನ್ನು 1945ರಲ್ಲಿ ಹವಾನಾದಲ್ಲಿ ಸ್ಥಾಪನೆಯಾದ ಐಯಾಟಾ ಎಂಬ ವಿಮಾನ ಸಂಸ್ಥೆಗಳ ಒಕ್ಕೂಟ ಗೊತ್ತುಮಾಡುತ್ತಿತ್ತು. ಸರ್ಕಾರಗಳು ಒಪ್ಪಿಗೆ ನೀಡುತ್ತಿದ್ದವು. ಅಮೆರಿಕದ ಒಳಗೆ ಈ ಕೆಲಸ ಸರ್ಕಾರಿ ಮಂಡಲಿಯದು. ದರದಲ್ಲಿ ಪೈಪೋಟಿ ನಡೆಸಲು ಅವಕಾಶವಿಲ್ಲದಿದ್ದಾಗ ಪೈಪೋಟಿ ತಟ್ಟೆಗೆ ಇಳಿಯಿತು. ಒಬ್ಬರು ಒಂದು ಪದಾರ್ಥ ಹೆಚ್ಚಿಸಿದರೆ ಇನ್ನೊಬ್ಬರು ಎರಡು ಹೆಚ್ಚಿಸಿದರು.

ಇದು ಎಲ್ಲಿಯವರೆಗೆ ಹೋಯಿತೆಂಬುದಕ್ಕೆ 1958ರ 'ಸ್ಯಾಂಡ್‌ವಿಚ್ ಸಮರ'ವೇ ಸಾಕ್ಷಿ. ಆ ವರ್ಷ ಅಟ್ಲಾಂಟಿಕ್ ದಾಟುವ ವಿಮಾನಗಳಲ್ಲಿ ಕಡಿಮೆ ದರದ ಎಕಾನಮಿ ದರ್ಜೆ ಆರಂಭವಾಯಿತು. ದರ ಕಡಿಮೆಯಾದ್ದರಿಂದ ಊಟವೂ ಸರಳವಾಗಿರಬೇಕು, ತಣ್ಣನೆಯ ಸಾದಾ ಸ್ಯಾಂಡ್‌ವಿಚ್ ಮಾತ್ರ ಕೊಡಬೇಕು ಎಂದು ಸಂಸ್ಥೆಗಳು ಒಪ್ಪಂದ ಮಾಡಿಕೊಂಡಿದ್ದವು. ಆದರೆ ಸ್ಕ್ಯಾಂಡಿನೇವಿಯದ ಎಸ್.ಎ.ಎಸ್. ಸಂಸ್ಥೆ ತನ್ನ ನಾಡಿನ ಪದ್ಧತಿಯಂತೆ ಬ್ರೆಡ್ಡಿನ ತುಂಡಿನ ಮೇಲೆ ಬಗೆಬಗೆಯ ಪದಾರ್ಥಗಳನ್ನು ಧಾರಾಳವಾಗಿ ಪೇರಿಸಿ, ಅದನ್ನೂ ಸ್ಯಾಂಡ್‌ವಿಚ್ ಎಂದೇ ಕರೆಯಿತು! ಪ್ಯಾನ್ ಅಮೆರಿಕನ್ ಸಂಸ್ಥೆ ದೂರು ಕೊಟ್ಟಿತು. ಸ್ಯಾಂಡ್‌ವಿಚ್ ಎಂದರೇನು ಎಂಬ ಬಗ್ಗೆ ಗಂಭೀರವಾದ ಚರ್ಚೆ ನಡೆದು, ಕೊನೆಗೆ ಎಸ್.ಎ.ಎಸ್. 20,000 ಡಾಲರ್ ದಂಡ ತೆರಬೇಕಾಯಿತು. ಈ ಪ್ರಸಂಗ ನಗೆ ತರಿಸಿದರೂ, ಅದರೊಳಗಿನ ಅರ್ಥಶಾಸ್ತ್ರ ಸ್ಪಷ್ಟವಾಗಿದೆ. ಪುಕ್ಕಟೆ ಎನ್ನಿಸುತ್ತಿದ್ದ ಊಟ, ಮೇಲ್ಮಟ್ಟದಲ್ಲಿ ಕಟ್ಟಿಹಾಕಿದ್ದ ಟಿಕೆಟ್ ದರದ ಒಳಗೇ ಅಡಗಿತ್ತು. ತಿಂದವನೂ ತಿನ್ನದವನೂ ಅದಕ್ಕೆ ಹಣ ತೆರುತ್ತಿದ್ದರು.

1970ರ ದಶಕದಲ್ಲಿ ಈ ಕಟ್ಟು ಸಡಿಲವಾಯಿತು. 1977ರಲ್ಲಿ ಫ್ರೆಡ್ಡಿ ಲೇಕರ್ ಅವರ 'ಸ್ಕೈಟ್ರೇನ್' ಲಂಡನ್ನಿನಿಂದ ನ್ಯೂಯಾರ್ಕ್‌ಗೆ 59 ಪೌಂಡಿನ ದರದಲ್ಲಿ ಹಾರತೊಡಗಿದಾಗ, ಊಟ ಬೇಕಾದವರು ಬೇರೆ ಹಣ ಕೊಡಬೇಕಿತ್ತು. 1978ರಲ್ಲಿ ಅಮೆರಿಕ ಒಳನಾಡಿನ ವಿಮಾನ ದರಗಳ ಮೇಲಿನ ಸರ್ಕಾರಿ ಹಿಡಿತವನ್ನು ಬಿಡುವ ಶಾಸನ ತಂದಿತು. 1981ರಲ್ಲಿ ಹುಟ್ಟಿದ ಪೀಪಲ್ ಎಕ್ಸ್‌ಪ್ರೆಸ್ ತಂಪು ಪಾನೀಯಕ್ಕೂ, ತೂಕಕ್ಕೆ ಹಾಕುವ ಪೆಟ್ಟಿಗೆಗೂ ಬೇರೆ ಬೇರೆ ಶುಲ್ಕ ವಿಧಿಸಿತು. ಹಳೆಯ ಸಂಸ್ಥೆಗಳೂ ಕಾಸು ಕಾಸಿಗೆ ಲೆಕ್ಕ ಹಾಕಲು ಕಲಿತವು. ಅಮೆರಿಕನ್ ಏರ್‌ಲೈನ್ಸ್‌ನ ಮುಖ್ಯಸ್ಥ ರಾಬರ್ಟ್ ಕ್ರ್ಯಾಂಡಲ್ ಅವರು ಊಟದ ತಟ್ಟೆಯಿಂದ ಒಂದೇ ಒಂದು ಆಲಿವ್ ಕಾಯಿ ತೆಗೆಸಿ ವರ್ಷಕ್ಕೆ 40,000 ಡಾಲರ್ ಉಳಿಸಿದರೆಂಬ ಮಾತು ಈ ವ್ಯಾಪಾರದಲ್ಲಿ ಗಾದೆಯಂತೆ ಉಳಿದಿದೆ. ಯುರೋಪಿನಲ್ಲಿ 1990ರ ದಶಕದಲ್ಲಿ ರಯಾನ್ಏರ್, 1995ರಿಂದ ಈಸಿಜೆಟ್ ಇದೇ ದಾರಿ ಹಿಡಿದವು.

ಭಾರತದಲ್ಲಿ ಈ ಕಥೆಯ ಮುಖ್ಯ ಅಧ್ಯಾಯ ಕರ್ನಾಟಕದಲ್ಲೇ ನಡೆಯಿತು. 1953ರಲ್ಲಿ ವಿಮಾನಯಾನ ರಾಷ್ಟ್ರೀಕರಣಗೊಂಡ ಮೇಲೆ ನಾಲ್ಕು ದಶಕಗಳ ಕಾಲ ಒಳನಾಡಿನ ಆಕಾಶ ಬಹುಪಾಲು ಇಂಡಿಯನ್ ಏರ್‌ಲೈನ್ಸ್‌ನದಾಗಿತ್ತು. 1990ರ ದಶಕದಲ್ಲಿ ಖಾಸಗಿ ಸಂಸ್ಥೆಗಳು ಬಂದಾಗಲೂ ಪೈಪೋಟಿ ಉಪಚಾರದಲ್ಲೇ ನಡೆಯಿತು. 2003ರ ಆಗಸ್ಟ್‌ನಲ್ಲಿ ಬೆಂಗಳೂರನ್ನು ನೆಲೆಯಾಗಿಟ್ಟುಕೊಂಡು ಏರ್ ಡೆಕ್ಕನ್ ಹಾರಿತು. ಅದನ್ನು ಕಟ್ಟಿದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಹಾಸನ ಜಿಲ್ಲೆಯ ಗೊರೂರಿನವರು. ಸೈನ್ಯದಿಂದ ಮರಳಿ ಬಂದು ಬೇಸಾಯ ಮಾಡಿದವರು, ಹಾಸನದಲ್ಲಿ ಹೋಟೆಲನ್ನೂ ನಡೆಸಿದವರು. ಆಲೂಗಡ್ಡೆ ಬೋಂಡಕ್ಕೆ ಎಷ್ಟು ಎಣ್ಣೆ ಹಿಡಿಯುತ್ತದೆಂಬ ಲೆಕ್ಕ ಬಲ್ಲವರಿಗೆ ವಿಮಾನದ ಊಟದ ಲೆಕ್ಕ ಹೊಸದೇನೂ ಆಗಿರಲಾರದು! ಅವರ ವಿಮಾನದಲ್ಲಿ ಊಟ, ತಿಂಡಿ ಪುಕ್ಕಟೆ ಇರಲಿಲ್ಲ, ಬೇಕಾದವರು ಕೊಳ್ಳಬೇಕು. ಅದಕ್ಕೆ ಪ್ರತಿಯಾಗಿ ಹುಬ್ಬಳ್ಳಿ, ಮಂಗಳೂರಿನಂತಹ ಊರುಗಳ ಜನ ಅಲ್ಲಿಯವರೆಗೆ ಕೇಳರಿಯದ ದರಕ್ಕೆ ಮೊದಲ ಬಾರಿ ವಿಮಾನದ ಮೆಟ್ಟಿಲು ಹತ್ತಿದರು. 2005ರಲ್ಲಿ ಅದೇ ಬೆಂಗಳೂರಿನಿಂದ ಭರ್ಜರಿ ಉಪಚಾರದ ಕಿಂಗ್‌ಫಿಷರ್ ಬಂದಿತು. ಕೊನೆಗೆ ಅದೇ ಏರ್ ಡೆಕ್ಕನ್ನನ್ನು ನುಂಗಿ, 2012ರಲ್ಲಿ ತಾನೂ ನಿಂತುಹೋಯಿತು. ಊಟ ಮಾರುವ ಪದ್ಧತಿ ಮಾತ್ರ ಉಳಿಯಿತು. 2005ರ ಸ್ಪೈಸ್‌ಜೆಟ್, 2006ರ ಇಂಡಿಗೋ ಅದನ್ನೇ ಮುಂದುವರಿಸಿದವು. ಬಿಸಿನೀರು ಹಾಕಿದರೆ ಸಿದ್ಧವಾಗುವ ಉಪ್ಪಿಟ್ಟು, ಅವಲಕ್ಕಿ ಇಂದು ಆಕಾಶದಲ್ಲಿ ಮಾರಾಟದ ಸರಕು.

ವಿಮಾನದಲ್ಲಿ ಊಟ ಏಕೆ ದುಬಾರಿ? ಒಲೆ, ತಟ್ಟೆ, ಗಾಡಿ ಎಲ್ಲಕ್ಕೂ ತೂಕವಿದೆ. ತೂಕಕ್ಕೆ ತಕ್ಕ ಇಂಧನ ಬೇಕು. ಅಡುಗೆಯ ಜಾಗದಲ್ಲಿ ಇನ್ನಷ್ಟು ಆಸನ ಹಾಕಬಹುದು. ಎಲ್ಲಕ್ಕಿಂತ ಮಿಗಿಲಾದದ್ದು ಸಮಯ. ವಿಮಾನ ನೆಲದ ಮೇಲೆ ನಿಂತಷ್ಟು ಹೊತ್ತೂ ನಷ್ಟವೇ. ಊಟ ಏರಿಸಿ, ಎಂಜಲು ಇಳಿಸಿ, ಗುಡಿಸುವುದರಲ್ಲಿ ಹೋಗುವ ನಿಮಿಷಗಳು ದಿನಕ್ಕೆ ಒಂದು ಹಾರಾಟವನ್ನೇ ಕಳೆಯಬಲ್ಲವು. ಒಂದು ಗಂಟೆಯ ಪ್ರಯಾಣದಲ್ಲಿ ಏರುವ, ಇಳಿಯುವ ಹೊತ್ತು ಕಳೆದರೆ ಬಡಿಸಲು ಉಳಿಯುವುದು ಅರ್ಧ ಗಂಟೆಯಷ್ಟೇ.

ಆದರೆ ಲೆಕ್ಕ ಯಾವಾಗಲೂ ಸಂಸ್ಥೆಯ ಪರವಾಗಿಯೇ ಬರುವುದಿಲ್ಲ. ಬ್ರಿಟಿಷ್ ಏರ್‌ವೇಸ್ 2017ರ ಜನವರಿಯಲ್ಲಿ ತನ್ನ ಸಣ್ಣ ಹಾರಾಟಗಳ ಎಕಾನಮಿ ದರ್ಜೆಯಲ್ಲಿ ಪುಕ್ಕಟೆ ತಿಂಡಿ, ಪಾನೀಯಗಳನ್ನು ನಿಲ್ಲಿಸಿ, ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಯ ತಿನಿಸುಗಳನ್ನು ಮಾರತೊಡಗಿತು. ಹಣ ಎಣಿಸುವುದರಲ್ಲೇ ಹೊತ್ತು ಕಳೆದು, ಹಿಂದಿನ ಸಾಲುಗಳಿಗೆ ಗಾಡಿ ತಲುಪುವ ಮುಂಚೆಯೇ ವಿಮಾನ ಇಳಿಯುತ್ತದೆಂಬ ದೂರುಗಳು ಬಂದವು. ಅಗ್ಗದ ದರ ಕೇಳದೆ ಹೆಸರನ್ನು ನಂಬಿ ಟಿಕೆಟ್ ಕೊಂಡವರ ಮುನಿಸು ಹೆಚ್ಚಿತು. ಮುಂದೆ ಕೊರೋನಾ ಕಾಲದಲ್ಲಿ ಆ ಸಂಸ್ಥೆ ಸಣ್ಣ ಬಾಟಲಿ ನೀರು, ಒಂದಿಷ್ಟು ತಿಂಡಿಯನ್ನು ಮತ್ತೆ ಉಚಿತವಾಗಿ ಕೊಡಲಾರಂಭಿಸಿತು.

ನಮ್ಮಲ್ಲೂ ಆ ದಿನಗಳು ಪಾಠ ಕಲಿಸಿದವು. 2020ರ ಮೇ 25ರಂದು ಒಳನಾಡಿನ ಹಾರಾಟ ಪುನರಾರಂಭವಾದಾಗ ವಿಮಾನದೊಳಗೆ ಊಟವೇ ಇರಲಿಲ್ಲ. 2021ರ ಏಪ್ರಿಲ್‌ನಲ್ಲಿ ಎರಡು ಗಂಟೆಗಿಂತ ಕಡಿಮೆಯ ಹಾರಾಟಗಳಲ್ಲಿ ಊಟ ಕೊಡಬಾರದೆಂಬ ಆದೇಶ ಬಂದು, ನವೆಂಬರ್‌ನಲ್ಲಿ ತೆರವಾಯಿತು. ಸಣ್ಣ ಪ್ರಯಾಣದಲ್ಲಿ ಊಟವಿಲ್ಲದೆಯೂ ನಡೆಯುತ್ತದೆಂದು ಜನ ಕಂಡುಕೊಂಡರು.

ಊಟದ ವಿಷಯ ಹೀಗಾದರೆ ನೀರಿನ ವಿಷಯ ಬೇರೆ. 2006ರಲ್ಲಿ ಲಂಡನ್ನಿನಲ್ಲಿ ವಿಮಾನ ಸ್ಫೋಟದ ಸಂಚು ಬಯಲಾದ ನಂತರ, ಜಗತ್ತಿನ ಹಲವೆಡೆ ಪ್ರಯಾಣಿಕರು 100 ಮಿಲಿಲೀಟರಿಗಿಂತ ದೊಡ್ಡ ಪಾತ್ರೆಯಲ್ಲಿ ದ್ರವ ಒಯ್ಯುವುದಕ್ಕೆ ತಡೆ ಬಿತ್ತು. ಹೊಸ ಯಂತ್ರಗಳು ಬಂದ ಕೆಲವು ನಿಲ್ದಾಣಗಳಲ್ಲಷ್ಟೇ ಅದು ಸಡಿಲಗೊಂಡಿದೆ. ಮನೆಯ ನೀರನ್ನು ಬಾಗಿಲಲ್ಲಿ ಚೆಲ್ಲಿಸಿ, ಒಳಗೆ ನೀರಿಗೆ ಹಣ ಕೇಳುವುದು ವ್ಯಾಪಾರವೆನಿಸಬಹುದು, ನ್ಯಾಯವೆನಿಸದು. ಒಣ ಹವೆಯ ವಿಮಾನದಲ್ಲಿ ಮಕ್ಕಳಿಗೆ, ವೃದ್ಧರಿಗೆ, ರೋಗಿಗಳಿಗೆ ನೀರು ಅಗತ್ಯ. ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಊಟ, ಪಾನೀಯ, ಆಯ್ಕೆಯ ಆಸನಗಳಿಗೆ ಬೇರೆ ಶುಲ್ಕ ಪಡೆಯಲು ಒಪ್ಪಿಗೆ ನೀಡುವಾಗ ಕುಡಿಯುವ ನೀರನ್ನು ಹೊರಗಿಟ್ಟದ್ದು ಈ ದೃಷ್ಟಿಯಿಂದ ಮೆಚ್ಚತಕ್ಕ ಕ್ರಮ.

ಇತಿಹಾಸ ಹೇಳುವುದಿಷ್ಟು: ವಿಮಾನದ ಊಟ ಎಂದೂ ದಾನವಾಗಿರಲಿಲ್ಲ. ಒಂದು ಕಾಲದಲ್ಲಿ ಅದರ ಬೆಲೆ ಟಿಕೆಟ್ಟಿನಲ್ಲಿ ಅಡಗಿತ್ತು, ಈಗ ಹೊರಗೆ ಕಾಣುತ್ತಿದೆ. ಹಸಿವಿಲ್ಲದವನು ಇನ್ನೊಬ್ಬರ ಊಟಕ್ಕೆ ಹಣ ತೆರಬೇಕಿಲ್ಲ ಎಂಬುದು ಸರಿಯೇ. ಆದರೆ ಬೆಲೆ ಹೊರಗೆ ಬಂದ ಮೇಲೆ ಟಿಕೆಟ್ ದರ ಅಷ್ಟರಮಟ್ಟಿಗೆ ಇಳಿಯಬೇಕು, ಏನು ಸೇರಿದೆ, ಏನು ಸೇರಿಲ್ಲವೆಂಬುದನ್ನು ಮೊದಲೇ ತಿಳಿಸಬೇಕು. ಬೇರೆ ಅಂಗಡಿಗೆ ಹೋಗಲಾರದ ಗಿರಾಕಿಯಿಂದ ಮನಬಂದ ಬೆಲೆ ಕೇಳಬಾರದು. ಇಷ್ಟು ನಡೆದರೆ ದುಡ್ಡು ಕೊಟ್ಟು ಕುಡಿದ ಕಾಫಿ ಯಾರಿಗೂ ಕಹಿಯೆನಿಸದು. ನಡೆಯುತ್ತಿದೆಯೇ ಎಂಬುದನ್ನು ಮುಂದಿನ ಟಿಕೆಟ್ ಕೊಳ್ಳುವಾಗ ಓದುಗರೇ ಪರಿಶೀಲಿಸಿ ನೋಡಬಹುದು.