ಅಸ್ಥ್ಯರ್ಬುದ

‘ಅಸ್ಥಿ’ ಎಂದರೆ ಮೂಳೆ, ‘ಅರ್ಬುದ’ವೆಂದರೆ ಮಾಂಸವೃದ್ಧಿಯಿಂದಾದ ಗಡ್ಡೆ, ಇವೆರಡೂ ಯಣ್ ಸಂಧಿಯಿಂದ ಕೂಡಿ ‘ಅಸ್ಥ್ಯರ್ಬುದ’ವಾಗಿದೆ. ದುಂಡಗೆ, ಸ್ಥಿರವಾಗಿ, ಆಳಕ್ಕೆ ಬೇರೂರಿ, ಮೆಲ್ಲಮೆಲ್ಲನೆ ಬೆಳೆದು, ಕೀವುಗಟ್ಟದೆ ಉಳಿಯುವ ಉಬ್ಬನ್ನು ಸುಶ್ರುತಸಂಹಿತೆಯ ನಿದಾನಸ್ಥಾನವು ಅರ್ಬುದವೆಂದು ಕರೆದಿದೆ. ಇಂದಿನ ಕನ್ನಡದಲ್ಲಿ ಅರ್ಬುದವೆಂದೊಡನೆ ಕ್ಯಾನ್ಸರೇ ನೆನಪಿಗೆ ಬರುವುದರಿಂದ, ಮಗುವಿನ ಮೂಳೆಯ ನಿರಪಾಯಕರ ಗಂತಿಗೆ ‘ಸೌಮ್ಯ’ವೆಂಬ ವಿಶೇಷಣವನ್ನು ತಪ್ಪದೆ ಸೇರಿಸಿ ಹೇಳುವುದು ತಾಯಿತಂದೆಯರ ಮನಸ್ಸಮಾಧಾನಕ್ಕೆ ಅತ್ಯವಶ್ಯ.

ಆದರೆ ಸೌಮ್ಯವಾದುದೆಲ್ಲವೂ ಉಪೇಕ್ಷಣೀಯವಲ್ಲ. ಆಸ್ಟಿಯೋಕಾಂಡ್ರೋಮವೆಂಬ ಸೌಮ್ಯ ಗಂತಿಯು ನರವನ್ನಾಗಲಿ ರಕ್ತನಾಳವನ್ನಾಗಲಿ ಒತ್ತದಿದ್ದಲ್ಲಿ ಕಾಲಕಾಲಕ್ಕೆ ಪರೀಕ್ಷಿಸುತ್ತಿದ್ದರೆ ಸಾಕು. ರಾತ್ರಿಯಲ್ಲಿ ಹೆಚ್ಚಾಗಿ ನೋಯುವ ಆಸ್ಟಿಯಾಯ್ಡ್ ಆಸ್ಟಿಯೋಮವೆಂಬ ಇನ್ನೊಂದು ಸೌಮ್ಯ ಗಂತಿಯನ್ನು ವೇದನಾಶಾಮಕ ಔಷಧಗಳಿಂದಲೋ, ಸೂಜಿಯ ಮೂಲಕ ಶಾಖವನ್ನು ಹಾಯಿಸಿಯೋ ಶಮನಗೊಳಿಸಬಹುದು. ಎಲುಬನ್ನು ಟೊಳ್ಳಾಗಿಸಿ ಮುರಿತಕ್ಕೆ ಎಡೆಗೊಡುವ ಗಂತಿಗಳನ್ನು ಕೆರೆದು ತೆಗೆದು, ಆ ಕುಹರವನ್ನು ಮೂಳೆಕಸಿಯಿಂದ ತುಂಬುವರು. ಹೀಗೆ ಕೆರೆದ ಮೇಲೂ ಕೆಲವು ಮರುಕಳಿಸುವುದುಂಟು. ಎಲುಬಿನ ತುದಿಯಲ್ಲಿರುವ ಬೆಳವಣಿಗೆಯ ಫಲಕಕ್ಕೆ ಪೆಟ್ಟಾದರೆ ಕೈಕಾಲು ಗಿಡ್ಡವಾಗಿಯೋ ಸೊಟ್ಟಗೋ ಬೆಳೆಯಬಹುದಾದುದರಿಂದ, ಮಗುವಿನ ಬೆಳವಣಿಗೆ ಮುಗಿಯುವವರೆಗೂ ವೈದ್ಯರ ಅವೇಕ್ಷಣೆ ಇರತಕ್ಕದ್ದು.