ಚೀರುವ ಪಟ್ಟಿಯ ಚರಿತ್ರೆ

ಬೆಳಗಿನ ಬಾನುಲಿಯ ಮೊದಲ ನಾದ ಮನೆಯೊಳಗೆ ಕೇಳಿಬರುವ ಹೊತ್ತಿಗೆ ಸರಿಯಾಗಿ ಹೊರಗೆ ನಮ್ಮ ಕಾರು ಚೀರತೊಡಗುತ್ತಿತ್ತು. 1968ನೆಯ ಇಸವಿಯ ಅಂಬಾಸಡರ್ ಅದು. ಮಾವನವರ ಕಾಲದ ತರುವಾಯ ನನ್ನ ಪಾಲಿಗೆ ಬಂದದ್ದು. ಸ್ಟಾರ್ಟು ಮಾಡಿದೊಡನೆ ಬಾನೆಟ್ಟಿನ ಕೆಳಗಿನಿಂದ ‘ಕೀ’ ಎಂಬ ಸ್ವರ ಹೊರಟು, ಬೀದಿಯನ್ನೆಲ್ಲ ಎಬ್ಬಿಸಿ, ಅರ್ಧ ನಿಮಿಷದಲ್ಲಿ ತಾನಾಗಿಯೇ ಅಡಗುತ್ತಿತ್ತು. ಅದು ಹ್ರಸ್ವವಲ್ಲ, ದೀರ್ಘವೂ ಅಲ್ಲ, ಶುದ್ಧ ಪ್ಲುತ. ಪಂಡಿತರ ಕಾರು ವ್ಯಾಕರಣ ಒಪ್ಪಿಸುತ್ತಿದೆಯೆಂದು ಹುಡುಗರು ನಗುತ್ತಿದ್ದರು.

ಇದು 2009ರ ಮಾತು. ಒಂದು ಗ್ಯಾರೇಜಿಗೆ ಗಾಡಿಯನ್ನು ಒಯ್ದೆ. ಅಲ್ಲಿದ್ದವರು ತಿರುಗುತ್ತಿದ್ದ ಪಟ್ಟಿಯ ಅಂಚಿಗೆ ಒಣ ಸೋಪಿನ ತುಂಡೊಂದನ್ನು ಹಿಡಿದರು. ಕೂಗು ನಿಂತಿತು. ಮಂತ್ರ ಹಾಕಿದಂತೆ ಆಯಿತೆಂದು ಬೆರಗಾಗಿ ಮನೆಗೆ ಬಂದೆ. ಆ ಬೆರಗಿಗೆ ತೆತ್ತ ಬೆಲೆಯನ್ನು ಮುಂದೆ ಹೇಳುತ್ತೇನೆ. ಸೋಪು ಏಕೆ ತಪ್ಪೆಂಬುದು ತಿಳಿಯಬೇಕಾದರೆ ಈ ಪಟ್ಟಿ ಎಲ್ಲಿಂದ ಬಂತೆಂಬುದನ್ನು ಮೊದಲು ನೋಡಬೇಕು.

ಪಟ್ಟಿಯಿಂದ ಗಾಲಿಯನ್ನು ತಿರುಗಿಸುವ ಯೋಚನೆ ಎಂಜಿನ್ನಿಗಿಂತ ಬಹಳ ಹಳೆಯದು. ನಮ್ಮ ಕಪಿಲೆ ಬಾವಿಯ ಮೇಲೆ ರಾಟೆಯೂ ಇತ್ತು, ಚರ್ಮದ ಮಿಣಿಯೂ ಇತ್ತು. ಆದರೆ ಅಲ್ಲಿ ಮಿಣಿ ಭಾರವನ್ನು ಎಳೆಯುತ್ತದೆ, ರಾಟೆ ಸುಮ್ಮನೆ ದಾರಿ ಬಿಡುತ್ತದೆ. ಬಾವಿಯ ರಾಟೆ ಕಿರುಗುಟ್ಟಿದರೆ ಆ ಸದ್ದು ಅಚ್ಚಿನದು. ಹನಿ ಎಣ್ಣೆ ಬಿಟ್ಟರೆ ಅಡಗುತ್ತದೆ. ಚರಕದ ರೀತಿ ಬೇರೆ. ಅಲ್ಲಿ ದೊಡ್ಡ ಗಾಲಿಯ ಸುತ್ತನ್ನು ಒಂದು ದಾರ ಕದಿರಿಗೆ ಮುಟ್ಟಿಸಬೇಕು. ದಾರ ಸಡಿಲವಾದರೆ ಗಾಲಿ ತಿರುಗಿದರೂ ಕದಿರು ತಿರುಗದು. ಆ ದಾರಕ್ಕೆ ಎಣ್ಣೆ ಹಚ್ಚುವ ಮೂರ್ಖ ಯಾರಿದ್ದಾನೆ? ಹಿಡಿತದಿಂದ ನಡೆಯುವ ಯಂತ್ರ ಅದು, ಜಾರಿಕೆಯಿಂದ ನಡೆಯುವುದಲ್ಲ.

ಈ ಹಿಡಿತಕ್ಕೆ ಒಂದು ಲೆಕ್ಕವುಂಟು. ಗೂಟಕ್ಕೆ ಹಗ್ಗವನ್ನು ಎರಡು ಸುತ್ತು ಹಾಕಿ ತುದಿ ಹಿಡಿದರೆ ಸಣ್ಣ ಹುಡುಗನೂ ಹೋರಿಯನ್ನು ತಡೆದು ನಿಲ್ಲಿಸಬಲ್ಲನೆಂಬುದನ್ನು ಹಳ್ಳಿಯಲ್ಲಿ ಕಾಣದವರಿಲ್ಲ. ಹದಿನೆಂಟನೆಯ ಶತಮಾನದ ಮಹಾ ಗಣಿತಜ್ಞ ಆಯ್ಲರ್ ಅದನ್ನು ಸೂತ್ರಕ್ಕೆ ಇಳಿಸಿದನು. ಅದರಂತೆ ಸಾಧಾರಣ ಘರ್ಷಣೆಯ ಪಟ್ಟಿಯೊಂದು ಗಾಲಿಯನ್ನು ಅರ್ಧ ಸುತ್ತು ಅಪ್ಪಿಕೊಂಡರೆ, ಬಿಗಿಯಾದ ಕಡೆಯ ಎಳೆತ ಸಡಿಲವಾದ ಕಡೆಯದಕ್ಕಿಂತ ಸುಮಾರು ಎರಡೂವರೆ ಪಟ್ಟು ಆಗುವವರೆಗೂ ಜಾರದು. ಪೂರ್ಣ ಸುತ್ತಾದರೆ ಆರು ಪಟ್ಟಿಗೂ ಮೀರಿ ತಡೆಯುತ್ತದೆ. ಸುತ್ತು ಕೂಡುತ್ತ ಹೋದಂತೆ ಹಿಡಿತ ಗುಣಿಸುತ್ತ ಹೋಗುತ್ತದೆ. ಆದರೆ ಯಂತ್ರದ ಪಟ್ಟಿಗೆ ಗೂಟದ ಹಗ್ಗದ ಸೌಕರ್ಯವಿಲ್ಲ. ಅದು ಒಂದು ಗಾಲಿಯಿಂದ ಇನ್ನೊಂದಕ್ಕೆ ಹೋಗಬೇಕಾದ್ದರಿಂದ ಸುಮಾರು ಅರ್ಧ ಸುತ್ತಿನಲ್ಲೇ ತೃಪ್ತಿಪಡಬೇಕು. ಮುಂದಿನ ಚರಿತ್ರೆಯೆಲ್ಲ ಈ ಕೊರತೆಯನ್ನು ತುಂಬಿಕೊಳ್ಳಲು ಪಟ್ಟ ಪಾಡು.

ಇಂಗ್ಲೆಂಡಿನ ಹಳೆಯ ನೂಲಿನ ಗಿರಣಿಗಳಲ್ಲಿ ನೀರಿನ ಚಕ್ರದ ಶಕ್ತಿಯನ್ನು ಹಲ್ಲುಗಾಲಿಗಳ ಮೂಲಕ ಮಹಡಿಯಿಂದ ಮಹಡಿಗೆ ಏರಿಸುತ್ತಿದ್ದರು. ಅಮೆರಿಕೆಯ ಲೊವೆಲ್ ಪಟ್ಟಣದಲ್ಲಿ ಪಾಲ್ ಮೂಡಿ ಎಂಬಾತ 1828ರಲ್ಲಿ ಅವುಗಳ ಬದಲು ಅಗಲವಾದ ತೊಗಲಿನ ಪಟ್ಟಿಗಳನ್ನು ಹಾಕಿದನು. ಸದ್ದು ಕಡಿಮೆಯಾಯಿತು, ವೇಗ ಹೆಚ್ಚಿತು, ಒಂದು ಹಲ್ಲು ಮುರಿದರೆ ಗಿರಣಿಯೇ ನಿಲ್ಲುವ ತಾಪತ್ರಯ ತಪ್ಪಿತು. ಆ ಪದ್ಧತಿಯ ಕಿರಿಯ ವಂಶಜರನ್ನು ನಮ್ಮ ಊರುಗಳ ಹಿಟ್ಟಿನ ಗಿರಣಿಯಲ್ಲಿ ನಾವೆಲ್ಲ ನೋಡಿದ್ದೇವೆ. ಮೋಟಾರಿನಿಂದ ಕಲ್ಲಿಗೆ ಓಡುವ ಚಪ್ಪಟೆ ಪಟ್ಟಿ, ಅದರ ಬೆಸುಗೆ ಗಾಲಿಗೆ ತಗಲಿದಾಗಲೆಲ್ಲ ಬರುವ ‘ಟಪ್’ ಸದ್ದು, ಪಟ್ಟಿ ಜಾರಿದಾಗ ಗಿರಣಿಯವನು ಅದರ ಮೇಲೆ ಎಸೆಯುವ ರಾಳದ ಪುಡಿ. ಚಪ್ಪಟೆ ಪಟ್ಟಿಗೆ ರಾಳ ತಕ್ಕ ಮದ್ದೇ. ಅದರ ಹಿಡಿತವಿರುವುದು ಹೊಟ್ಟೆಯಲ್ಲಿ. ಹೊಟ್ಟೆಗೆ ಅಂಟು ಹಚ್ಚಿದರೆ ಹಿಡಿತ ಕೂಡುತ್ತದೆ.

ಮೊದಲ ಮೋಟಾರು ಗಾಡಿಗೂ ಇದೇ ಪಟ್ಟಿ ಬಂತು. 1886ರ ಜನವರಿ 29ರಂದು ಕಾರ್ಲ್ ಬೆಂಜ್ ಪೇಟೆಂಟು ಕೋರಿದ ಮೂರು ಚಕ್ರದ ಗಾಡಿಯಲ್ಲಿ ಎಂಜಿನ್ನಿನ ಬಲ ಮೊದಲು ತೊಗಲಿನ ಪಟ್ಟಿಯೊಂದಕ್ಕೆ, ಅಲ್ಲಿಂದ ಸರಪಳಿಗಳ ಮೂಲಕ ಹಿಂದಿನ ಚಕ್ರಗಳಿಗೆ ಹೋಗುತ್ತಿತ್ತು. ಕ್ಲಚ್ಚು ಎಂದು ಬೇರೆಯಿರಲಿಲ್ಲ. ಪಟ್ಟಿಯನ್ನು ಸುಮ್ಮನೆ ತಿರುಗುವ ಗಾಲಿಯ ಮೇಲಿಂದ ಬಿಗಿಯಾದ ಗಾಲಿಯ ಮೇಲಕ್ಕೆ ಸರಿಸಿದರೆ ಗಾಡಿ ಹೊರಡುತ್ತಿತ್ತು. ಗಿರಣಿಯಲ್ಲಿ ಯಂತ್ರಗಳನ್ನು ನಿಲ್ಲಿಸಿ ಹೊರಡಿಸುತ್ತಿದ್ದ ಉಪಾಯವೇ ಅದು. 1888ರಲ್ಲಿ ಬೆಂಜನ ಹೆಂಡತಿ ಬೆರ್ತಾ, ಗಂಡನಿಗೆ ಹೇಳದೆ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತನ್ನ ತವರಿಗೆ ಸುಮಾರು ನೂರು ಕಿಲೋಮೀಟರು ಇಂಥ ಗಾಡಿಯನ್ನು ನಡೆಸಿದಳು. ದಾರಿಯಲ್ಲಿ ಮುಚ್ಚಿಕೊಂಡ ಪೆಟ್ರೋಲಿನ ಕೊಳವೆಯನ್ನು ಟೊಪ್ಪಿಗೆಯ ಸೂಜಿಯಿಂದ ಬಿಡಿಸಿದಳು. ಸವೆದ ಬ್ರೇಕಿನ ಮರದ ತುಂಡುಗಳಿಗೆ ಚಮ್ಮಾರನಿಂದ ತೊಗಲು ಹೊಡೆಸಿದಳು. ಮೋಟಾರಿನ ಸದ್ದನ್ನು ಕಿವಿಗೊಟ್ಟು ಕೇಳಿ ರೋಗ ಕಂಡುಹಿಡಿದ ಮೊದಲ ವೈದ್ಯಳೆಂದು ಆಕೆಯನ್ನು ಕರೆಯಲು ನನಗೆ ಆಸೆ.

1908ರಲ್ಲಿ ಹೊರಬಂದ ಫೋರ್ಡಿನ ಮಾಡೆಲ್ ಟಿ ಗಾಡಿಯಲ್ಲಿ ಪಟ್ಟಿಯ ಕೆಲಸ ಹಗುರವಾಯಿತು. ಅದು ತಿರುಗಿಸಬೇಕಾದದ್ದು ಫ್ಯಾನು ಒಂದನ್ನೇ. ಬಹುಪಾಲು ಮಾಡೆಲ್ ಟಿಗಳಲ್ಲಿ ನೀರಿನ ಪಂಪೇ ಇಲ್ಲ. ಕಾದ ನೀರು ತಾನಾಗಿ ಮೇಲೇರಿ, ತಣಿದದ್ದು ಕೆಳಗಿಳಿಯುತ್ತಿತ್ತು. ಪಟ್ಟಿ ಕೊಂಚ ಜಾರಿದರೂ ಗಾಡಿ ನಿಲ್ಲುತ್ತಿರಲಿಲ್ಲ. ಆ ಹಗುರದ ಕಾಲ ಬಹಳ ದಿನ ಉಳಿಯಲಿಲ್ಲ. ಕೆಟರಿಂಗನ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕಿನಲ್ಲಿ ಬಂತು. ಸ್ಟಾರ್ಟರಿಗೆ ಬ್ಯಾಟರಿ ಬೇಕು, ಬ್ಯಾಟರಿಗೆ ಡೈನಮೋ ಬೇಕು, ದೀಪಗಳೂ ವಿದ್ಯುತ್ತಿನವಾದವು. ವರ್ಷಗಳು ಕಳೆದಂತೆ ಡೈನಮೋ, ಪಂಪು, ಫ್ಯಾನು ಮೂರೂ ಒಂದೇ ಪಟ್ಟಿಯ ಹೆಗಲಿಗೆ ಬಿದ್ದವು.

ಈ ಹೊರೆಯನ್ನು ಚಪ್ಪಟೆ ತೊಗಲು ಹೊರಲಾರದು. ಗುಡ್‌ಇಯರ್ 1839ರಲ್ಲಿ ಗಂಧಕದೊಡನೆ ಬೇಯಿಸಿ ಗಟ್ಟಿಗೊಳಿಸುವುದನ್ನು ಕಂಡುಕೊಂಡಿದ್ದ ರಬ್ಬರು ಆ ವೇಳೆಗೆ ಹದಕ್ಕೆ ಬಂದಿತ್ತು. 1917ರಲ್ಲಿ ಡೆನ್ವರಿನ ಜಾನ್ ಗೇಟ್ಸ್ ಬಟ್ಟೆ ಹಾಗೂ ರಬ್ಬರಿನಿಂದ ಹೊಸ ಪಟ್ಟಿಯೊಂದನ್ನು ಮಾಡಿದನು. ಅದರ ಅಡ್ಡ ಸೀಳು ಇಂಗ್ಲಿಷಿನ ‘ವಿ’ ಅಕ್ಷರದಂತೆ: ಮೇಲೆ ಅಗಲ, ಕೆಳಗೆ ಕಿರಿದು. ಅದು ಓಡುವ ರಾಟೆಯ ಕೊರಕಲೂ ಹಾಗೆಯೇ. ನಮ್ಮ ಬಡಗಿಯ ಮಾತಿನಲ್ಲಿ ಹೇಳುವುದಾದರೆ ಇದು ಪಟ್ಟಿಯೇ ಅಲ್ಲ, ಬೆಣೆ. ಎಳೆದಷ್ಟೂ ಕೊರಕಲೊಳಗೆ ಇಳಿದು ಎರಡು ಪಕ್ಕಗಳನ್ನೂ ಕಚ್ಚುತ್ತದೆ. ಕೊರಕಲಿನ ಕೋನ ಸುಮಾರು 38 ಡಿಗ್ರಿ ಇದ್ದರೆ ಘರ್ಷಣೆ ಮೂರರಷ್ಟು ಹೆಚ್ಚಿದಂತೆ ಆಗುತ್ತದೆ. ಆಯ್ಲರನ ಗುಣಾಕಾರಕ್ಕೆ ಇದನ್ನು ಸೇರಿಸಿರಿ: ಅರ್ಧ ಸುತ್ತಿನಲ್ಲಿ ಎರಡೂವರೆ ಪಟ್ಟು ಇದ್ದದ್ದು 17–18 ಪಟ್ಟಿಗೆ ಏರುತ್ತದೆ. ಇಷ್ಟು ದೊಡ್ಡ ಲಾಭ ಬಂದದ್ದು ಅಂಟಿನಿಂದಲ್ಲ, ಆಕಾರದಿಂದ. ಇಲ್ಲಿ ಪಟ್ಟಿಯ ಹೊಟ್ಟೆ ಕೊರಕಲಿನ ತಳವನ್ನು ಮುಟ್ಟಲೇಬಾರದು.

ಅಂಬಾಸಡರಿನ ಪಟ್ಟಿ ಇದೇ ಜಾತಿಯದು. ಎಂಜಿನ್ನಿನ ಕ್ರ್ಯಾಂಕು, ನೀರಿನ ಪಂಪಿನೊಡನೆ ಫ್ಯಾನು, ಪಕ್ಕದಲ್ಲಿ ಡೈನಮೋ. ಮೂರು ರಾಟೆಗಳ ನಡುವೆ ತ್ರಿಕೋನವಾಗಿ ಓಡುತ್ತದೆ. ಪಟ್ಟಿಯನ್ನು ಬಿಗಿ ಮಾಡಬೇಕಾದರೆ ಡೈನಮೋವಿನ ಬೋಲ್ಟುಗಳನ್ನು ಸಡಿಲಿಸಿ ಅದನ್ನೇ ಹೊರಕ್ಕೆ ವಾಲಿಸಬೇಕು.

ಇನ್ನು ಚೀರುವುದೇಕೆ? ಬಾನುಲಿಯಲ್ಲಿ ಪಿಟೀಲು ಕೇಳುವವರಿಗೆ ಇದನ್ನು ತಿಳಿಯಹೇಳುವುದು ಸುಲಭ. ಕಮಾನು ತಂತಿಯನ್ನು ಹಿಡಿದು ಎಳೆಯುತ್ತದೆ, ತಂತಿ ತಪ್ಪಿಸಿಕೊಂಡು ಹಿಂದಕ್ಕೆ ಜಾರುತ್ತದೆ, ಕಮಾನು ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ನೂರಾರು ಬಾರಿ ಹೀಗೆ ಹಿಡಿದು ಬಿಟ್ಟು ನಡೆದಾಗ ಸ್ವರ ಹುಟ್ಟುತ್ತದೆ. ಚೌಡಯ್ಯನವರ ಏಳು ತಂತಿಯ ಪಿಟೀಲಿಗೂ ನನ್ನ ಕಾರಿನ ಪಟ್ಟಿಗೂ ತತ್ತ್ವ ಒಂದೇ, ಫಲ ಬೇರೆ. ಪಟ್ಟಿ ಕೂಗಿತೆಂದರೆ ಅದು ರಾಟೆಯ ಮೇಲೆ ಹಿಡಿದು ಬಿಡುತ್ತಿದೆ ಎಂದರ್ಥ. ಬೆಳಿಗ್ಗೆ ಸ್ಟಾರ್ಟು ಮಾಡಿದಾಗಲೇ ಕೂಗುವುದಕ್ಕೂ ಕಾರಣವುಂಟು. ಸ್ಟಾರ್ಟರು ಬ್ಯಾಟರಿಯಿಂದ ಕಸಿದುಕೊಂಡದ್ದನ್ನು ಡೈನಮೋ ಆಗ ತುಂಬಿಕೊಡುತ್ತಿರುತ್ತದೆ. ಅದರ ಭಾರ ಹೆಚ್ಚು. ದೀಪ ಹಾಕಿದೊಡನೆ ಕೂಗು ಜೋರಾದರೆ ಅದೂ ಇದಕ್ಕೇ.

ನಮ್ಮ ಊರಿನ ವೃದ್ಧ ಮೆಕ್ಯಾನಿಕ್ಕರೊಬ್ಬರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, “ಹೇಗೆ ಕೂಗುತ್ತದೆ, ಅನುಕರಣೆ ಮಾಡಿ ತೋರಿಸಿ” ಎಂದು. ಅನುಕರಣಾವ್ಯಯವನ್ನು ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಅದರ ಉಪಯೋಗ ತಿಳಿದದ್ದು ಆ ದಿನ. ಎಡೆಬಿಡದ ‘ಕೀ’ ಆದರೆ ಜಾರಿಕೆ: ಪಟ್ಟಿ ಸಡಿಲ, ಇಲ್ಲವೇ ಅದರ ಪಕ್ಕ ಗಾಜಿನಂತೆ ನುಣುಪಾಗಿದೆ, ಇಲ್ಲವೇ ಎಣ್ಣೆ ಸೋರಿ ಬಿದ್ದಿದೆ. ಹಕ್ಕಿಯಂತೆ ‘ಚಿಕ್ ಚಿಕ್’ ಎಂದು ತಾಳ ಹಿಡಿದು ಕೂಗಿದರೆ ರಾಟೆಗಳು ಒಂದೇ ಸಾಲಿನಲ್ಲಿಲ್ಲ. ‘ಗರಗರ’ ಎಂದರೆ ಪಟ್ಟಿ ನಿರಪರಾಧಿ, ಯಾವುದೋ ಬೇರಿಂಗು ಸತ್ತಿದೆ. ಇದು ಬಾವಿಯ ರಾಟೆಯ ರೋಗ. ಪಟ್ಟಿಯನ್ನು ಕಳಚಿ ಒಂದೊಂದು ರಾಟೆಯನ್ನೂ ಕೈಯಿಂದ ತಿರುಗಿಸಿ ನೋಡಿದರೆ ಯಾವುದೆಂಬುದು ಗೊತ್ತಾಗುತ್ತದೆ. ಸಂದೇಹವಿದ್ದರೆ ಓಡುವ ಪಟ್ಟಿಗೆ ದೂರದಿಂದ ಸ್ವಲ್ಪ ನೀರು ಚಿಮುಕಿಸುವುದುಂಟು: ಕೂಗು ಕ್ಷಣಕಾಲ ಅಡಗಿ ಮರಳಿದರೆ ಸಾಲು ತಪ್ಪಿದೆ, ಹೆಚ್ಚಿದರೆ ಬಿಗಿ ಸಾಲದು. ಈ ಪರೀಕ್ಷೆ ಮಾಡುವವರು ಪಂಚೆ, ಶಲ್ಯ, ಸೆರಗುಗಳನ್ನು ಬಿಗಿದು ಕಟ್ಟಿಕೊಂಡೇ ಮಾಡಬೇಕು.

ಈ ವೃದ್ಧರನ್ನು ನಾನು ಕಂಡದ್ದು ಮಾತ್ರ ತಡವಾಗಿ. ಸೋಪಿನ ಚಿಕಿತ್ಸೆಯಾಗಿ ಮೂರು ವಾರ ಕಳೆದಿತ್ತು. ನನ್ನ ತಾಯಿಗೆ ಎರಡು ಕಣ್ಣಿಗೂ ಪೊರೆ. ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿತ್ತು. ನಸುಕಿನಲ್ಲೇ ಹೊರಟೆವು. ಕೃಷ್ಣರಾಜನಗರ ದಾಟಿದ ಮೇಲೆ ಎದುರಿನ ಫಲಕದಲ್ಲಿ ಒಂದು ಕೆಂಪು ದೀಪ ಹೊತ್ತಿಕೊಂಡಿತು. ಅದು ಬ್ಯಾಟರಿಯ ದೀಪ, ಹಗಲಿನಲ್ಲಿ ಬ್ಯಾಟರಿಗೇನು ಅವಸರ ಎಂದುಕೊಂಡು ನಾಲ್ಕು ಕಿಲೋಮೀಟರು ಓಡಿಸಿದೆ. ಡೈನಮೋವನ್ನು ತಿರುಗಿಸುವ ಪಟ್ಟಿಯೇ ನೀರಿನ ಪಂಪನ್ನೂ ತಿರುಗಿಸುತ್ತದೆಂಬುದು ನನಗೆ ಹೊಳೆಯಲಿಲ್ಲ. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ತೆರೆದು ನೋಡಿದರೆ ಪಟ್ಟಿ ಹರಿದು ಕೆಳಗಿನ ತಗಡಿಗೆ ಸುತ್ತಿಕೊಂಡಿತ್ತು. ಎಂಜಿನ್ನಿನ ಹೆಡ್ಡಿನ ಗ್ಯಾಸ್ಕೆಟ್ಟು ಸುಟ್ಟಿತ್ತು. ಬಸ್ಸು ಹಿಡಿದು ನಾವು ಆಸ್ಪತ್ರೆ ಮುಟ್ಟುವಾಗ ಆ ದಿನದ ಸರದಿ ಮುಗಿದಿತ್ತು. ಮತ್ತೊಂದು ದಿನ ಸಿಕ್ಕಲು ಒಂದು ತಿಂಗಳಾಯಿತು. ಆ ತಿಂಗಳೆಲ್ಲ ತಾಯಿ ಗೋಡೆ ಹಿಡಿದು ನಡೆದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಹಗುರವಾಗುತ್ತಿತ್ತು.

ಗಾಡಿಯನ್ನು ಎಳೆಸಿ ತಂದಾಗ ಆ ವೃದ್ಧರು ಹರಿದ ಪಟ್ಟಿಯನ್ನು ತಿರುಗಿಸಿ ತೋರಿಸಿದರು. ಪಕ್ಕಗಳು ಮಿರುಗುತ್ತಿದ್ದವು, ಹೊಟ್ಟೆಯೂ ಮಿರುಗುತ್ತಿತ್ತು. ಆ ಹೊಟ್ಟೆಯ ಹೊಳಪೇ ರೋಗದ ಮೂಲ. ನಲವತ್ತು ವರ್ಷದಲ್ಲಿ ಡೈನಮೋವಿನ ರಾಟೆಯ ಕೊರಕಲು ಸವೆದು ಅಗಲವಾಗಿ, ಪಟ್ಟಿ ತಳಕ್ಕೆ ಕುಳಿತಿತ್ತು. 1917ರ ಬೆಣೆ ಹೋಗಿ ಬೆಂಜನ ಗಾಡಿಯ ಚಪ್ಪಟೆ ಪಟ್ಟಿಯಾಗಿತ್ತು! ಸೋಪು ಅದರ ಅಲ್ಪಸ್ವಲ್ಪ ಹಿಡಿತವನ್ನೂ ಕಿತ್ತುಕೊಂಡಿತು. ಜಾರಿಕೆ ನಿಲ್ಲಲಿಲ್ಲ, ಜಾರಿಕೆಯ ಸದ್ದು ಮಾತ್ರ ನಿಂತಿತು. ಪಟ್ಟಿ ಮೌನವಾಗಿ ಕಾದು ಸುಟ್ಟುಕೊಂಡಿತು. ಹೊಸ ಪಟ್ಟಿಯೊಂದನ್ನೇ ಹಾಕಿದ್ದರೂ ವಾರದಲ್ಲಿ ಮತ್ತೆ ಕೂಗುತ್ತಿತ್ತಂತೆ.

ಅವರು ರಾಟೆಯನ್ನು ಬದಲಿಸಿ, ಮೂರೂ ರಾಟೆಗಳ ಮುಖಕ್ಕೆ ನೇರವಾದ ಅಳತೆಪಟ್ಟಿ ಹಿಡಿದು ಸಾಲು ನೋಡಿ, ಹೊಸ ಪಟ್ಟಿ ಹಾಕಿದರು. ಅತಿ ಉದ್ದದ ಭಾಗದ ನಡುವೆ ಹೆಬ್ಬೆರಳಿಂದ ಒತ್ತಿಸಿದರು: ಅರ್ಧ ಅಂಗುಲ ತಗ್ಗಬೇಕು. ಅದಕ್ಕಿಂತ ಸಡಿಲವಾದರೆ ಜಾರುತ್ತದೆ. ಹುರಿಯಾಗಿ ಎಳೆದರೆ ಡೈನಮೋ ಮತ್ತು ಪಂಪಿನ ಬೇರಿಂಗುಗಳು ಸಾಯುತ್ತವೆ. ಹೊಸ ಪಟ್ಟಿ ಕೆಲವು ದಿನ ಓಡಿ ಕೊರಕಲಿಗೆ ಹೊಂದಿಕೊಂಡ ಮೇಲೆ ಮತ್ತೊಮ್ಮೆ ಒತ್ತಿ ನೋಡಬೇಕೆಂದೂ ಹೇಳಿದರು.

1979ರ ಫೋರ್ಡ್ ಮಸ್ಟಾಂಗಿನಲ್ಲಿ ಹಲವು ಸಣ್ಣ ಏಣುಗಳುಳ್ಳ ಒಂದೇ ಉದ್ದನೆಯ ಪಟ್ಟಿ ಹಾವಿನಂತೆ ಎಲ್ಲ ರಾಟೆಗಳನ್ನೂ ಸುತ್ತಿ ಬಂತು. ಈಚಿನ ಕಾರುಗಳ ಇಂಥ ಪಟ್ಟಿಯನ್ನು ಸಾಮಾನ್ಯವಾಗಿ ಸ್ಪ್ರಿಂಗಿನ ರಾಟೆಯೊಂದು ತಾನೇ ಬಿಗಿಯಾಗಿ ಇಡುತ್ತದೆ, ಹೆಬ್ಬೆರಳಿಗೆ ಕೆಲಸವಿಲ್ಲ. ವಿದ್ಯುತ್ತಿನ ಕಾರಿಗೆ ಈ ಪಟ್ಟಿಯೇ ಬೇಡ. ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತಿತು. ನಮ್ಮದು ಇನ್ನೂ ಓಡುತ್ತದೆ. ಅದರ ಡಿಕ್ಕಿಯಲ್ಲಿ ಸ್ಪೇರು ಚಕ್ರದ ಪಕ್ಕ ಒಂದು ಹೊಸ ಪಟ್ಟಿ ಮತ್ತು ಎರಡು ಸ್ಪ್ಯಾನರುಗಳನ್ನು ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿಟ್ಟಿದ್ದೇನೆ.